ಮೊದಲ ನೀರು ಮಣ್ಣಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚರ್ಚಿನ ಹಿಂಬದಿಯ ಕೋಣೆಯೊಂದರಿಂದ ಹಬೆ ಹೊರಗೆ ಬರುತ್ತಿದೆ. ಅದನ್ನು ತಡೆಯುವಂಥದ್ದು ಏನೂ ಇಲ್ಲ, ಏಕೆಂದರೆ ಆ ಕೋಣೆಗೆ ಬಾಗಿಲೇ ಇಲ್ಲ. ಚೌಕಟ್ಟು ಇದೆ, ಚೌಕಟ್ಟಿನ ಮೇಲೆ ಕೀಲು ಬಡಿದಿದ್ದ ತೂತುಗಳಿವೆ, ಬಾಗಿಲು ಮಾತ್ರ ಇಲ್ಲ. ಒಳಗೆ ಗಂಜಿಯಕ್ಕ ಮಣೆಯ ಮೇಲೆ ಕೂತು, ಬಿಳಿ ಬೋಗುಣಿಯ ತಣ್ಣೀರಿನಲ್ಲಿ ಕರವಸ್ತ್ರದಷ್ಟಗಲದ ಬಟ್ಟೆಯೊಂದನ್ನು ಅದ್ದುತ್ತಿದ್ದಾರೆ. ಉಜ್ಜುವುದಿಲ್ಲ, ಹಿಂಡುವುದಿಲ್ಲ. ಎಳೆಮಗುವಿನ ಮುಖ ತೊಳೆಯುವವರ ಹಾಗೆ ಅದ್ದುತ್ತಾರೆ, ಎತ್ತುತ್ತಾರೆ, ಮತ್ತೆ ಅದ್ದುತ್ತಾರೆ. ಬಟ್ಟೆಯ ಅಂಚಿನಿಂದ ತೆಳುವಾದ ಕೆಂಪು ನೀರಿಗೆ ಬಿಡುತ್ತಿದೆ.

ಅದು ಬಲಿಪೂಜೆಯ ಬಟ್ಟಲನ್ನು ಒರೆಸಿದ ಬಟ್ಟೆ. ಭಾನುವಾರ ಜನ ಸಾಲಾಗಿ ಬಂದು, ಬಟ್ಟಲಿಗೆ ತುಟಿ ಸೋಕಿಸಿ ದ್ರಾಕ್ಷಾರಸ ಕುಡಿದು ಹೋದ ಮೇಲೆ ಫಾದರ್ ಇದರಿಂದಲೇ ಬಟ್ಟಲನ್ನು ಒರೆಸುತ್ತಾರೆ. ನಂಬಿದವರ ಪಾಲಿಗೆ ಅದು ದ್ರಾಕ್ಷಾರಸವಲ್ಲ, ಕ್ರಿಸ್ತನ ರಕ್ತ. ಹಾಗಾಗಿ ಈ ಬಟ್ಟೆಗಳನ್ನು ಅದ್ದಿದ ಮೊದಲ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ. ಯಾರೂ ತುಳಿಯದ ಜಾಗ ನೋಡಿ ಮಣ್ಣಿಗೆ ಸುರಿಯಬೇಕು. ಸಾಬೂನು, ಬಿಸಿನೀರು, ಗಂಜಿ, ಇಸ್ತ್ರಿ ಎಲ್ಲ ಆಮೇಲಿನ ಮಾತು.

ಎಲ್ಲಿ ಸುರಿಯುತ್ತೀರಿ ಎಂದು ಕೇಳಿದರೆ ಗಂಜಿಯಕ್ಕ ಬೋಗುಣಿಯನ್ನು ಸೊಂಟಕ್ಕೆ ಆನಿಸಿಕೊಂಡು ಎದ್ದೇಬಿಡುತ್ತಾರೆ. "ಬನ್ನಿ, ತೋರಿಸ್ತೀನಿ. ದೂರ ಏನಿಲ್ಲ. ನಿಮ್ಮ ಚಪ್ಪಲಿ ಕೆಸರಾದ್ರೆ ಮಾತ್ರ ನನ್ನನ್ನ ಬೈಕೋಬೇಡಿ."

ಚರ್ಚಿನ ಹಿಂದೆ ಸಮಾಧಿಗಳ ಅಂಗಳವಿದೆ. ಅಲ್ಲಿ ಸತ್ತವರೂ ಬದುಕಿದ್ದಾಗಿನ ಹಾಗೆಯೇ ಗುಂಪು ಕಟ್ಟಿಕೊಂಡು ಮಲಗಿದ್ದಾರೆ. ಅಜ್ಜನ ಪಕ್ಕ ಅಜ್ಜಿ, ಅಣ್ಣನ ಪಕ್ಕ ತಮ್ಮ, ಜಗಳವಾಡಿದ ಅತ್ತೆ ಸೊಸೆಯರ ನಡುವೆ ಒಂದು ಮಾರು ಜಾಗ. ಇವೆಲ್ಲದರಿಂದ ದೂರ, ಹಿಂಗೋಡೆಯ ಮೂಲೆಯಲ್ಲಿ ಒಂದೇ ಒಂದು ಗುಡ್ಡೆ ಒಂಟಿಯಾಗಿದೆ. ಕಲ್ಲಿಲ್ಲ, ಕೆತ್ತಿದ ಹೆಸರಿಲ್ಲ, ಎರಡು ಪಟ್ಟಿ ಮರದ ಶಿಲುಬೆಯಷ್ಟೇ. ಅಂಗಳದ ಹುಲ್ಲೆಲ್ಲ ಬಿಸಿಲಿಗೆ ಕಂದಿದೆ, ಅಲ್ಲಿ ಮಾತ್ರ ಹಸಿರಾಗಿದೆ. ಗಂಜಿಯಕ್ಕ ಬಗ್ಗಿ, ಬೋಗುಣಿಯ ನೀರನ್ನು ಆ ಗುಡ್ಡೆಯ ಬುಡಕ್ಕೆ ಸುರಿಯುತ್ತಾರೆ. ಕೊನೆಯ ಹನಿ ಬೀಳುವವರೆಗೂ ಬೋಗುಣಿಯನ್ನು ಓರೆಯಾಗಿ ಹಿಡಿದುಕೊಂಡೇ ಇರುತ್ತಾರೆ.

"ನನ್ನ ಮಗಳು," ಎನ್ನುತ್ತಾರೆ. ಪಕ್ಕದ ಮನೆಯವರಿಗೆ ಪರಿಚಯ ಮಾಡಿಕೊಡುವ ಧಾಟಿಯಲ್ಲೇ ಹೇಳುತ್ತಾರೆ.

ಗಂಜಿಯಕ್ಕ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಬಲಿಪೀಠದ ಹಾಸುಗಳಿಗೆ ಗಂಜಿ ಹಾಕುವಾಗ ಸೀರೆ, ಕೂದಲು, ಮೊಣಕೈ ಎಲ್ಲಕ್ಕೂ ಅದರ ವಾಸನೆ ಹತ್ತಿಕೊಂಡು, ಓಣಿಯ ಜನ ಹಾಗೆ ಕರೆಯತೊಡಗಿದರು, ಅದೇ ನಿಂತಿತು. ವಯಸ್ಸು ಅರವತ್ತರ ಆಸುಪಾಸು. ಬೆರಳತುದಿಗಳು ಸದಾ ನೆನೆದು ಸುಕ್ಕುಗಟ್ಟಿರುತ್ತವೆ. ವಾರಕ್ಕೆ ಬಟ್ಟಲಿನ ಬಟ್ಟೆಗಳು ಒಂದು ಮೂಟೆ, ಪೀಠದ ಹಾಸು ಮೂರು, ಫಾದರ್ ಉಡುವ ನಿಲುವಂಗಿಗಳು, ಹಾಡುವವರ ಅಂಗಿಗಳು. ಇಸ್ತ್ರಿಪೆಟ್ಟಿಗೆ ಇದ್ದಿಲಿನದು, ಎತ್ತಿದರೆ ಹೆಗಲು ಇಳಿಯುವಷ್ಟು ಭಾರ. ಚರ್ಚಿನವರು ಕೊಡುವ ಸಂಬಳದಲ್ಲಿ ಇದ್ದಿಲು ಸಾಬೂನು ಹೋಗಿ ಉಳಿಯುವುದು ಹೊಟ್ಟೆಬಟ್ಟೆಗೆ ಸರಿಹೋಗುತ್ತದೆ, ಅದರಾಚೆಗೆ ಏನೂ ಇಲ್ಲ. ಇರಲು ಈ ಕೋಣೆಯನ್ನೇ ಕೊಟ್ಟಿದ್ದಾರೆ. ಇಷ್ಟು ವರ್ಷ ಆ ಪೀಠದ ಮುಂದೆ ಮಂಡಿಯೂರಿದ ನೂರಾರು ಜನರಲ್ಲಿ, ಆ ಬಿಳುಪು ಎಲ್ಲಿಂದ ಬರುತ್ತದೆಂದು ಕೇಳಿದವರು ಇರಲಿಕ್ಕಿಲ್ಲ.

ಕೆಲಸದ ನಡುವೆ ಮಾತಿಗೆ ಸಿಕ್ಕರೆ ಅವರ ನಾಲಿಗೆಗೂ ಇಸ್ತ್ರಿಯಷ್ಟೇ ಬಿಸಿ. ಫಾದರ್ ಅವರ ನಿಲುವಂಗಿಯನ್ನು ಬೆಳಕಿಗೆ ಹಿಡಿದು, "ಇದರ ಕಂಕುಳು ನೋಡಿದ್ರೆ ಸಾಕು, ಆ ವಾರ ಪ್ರಸಂಗ ಎಷ್ಟು ಉದ್ದ ಕೊಯ್ದಿದಾರೆ ಅಂತ ಗೊತ್ತಾಗುತ್ತೆ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಹನ್ನೊಂದು ವರ್ಷಗಳ ಹಿಂದೆ ಅವರು ಒಗೆಯುವವರಾಗಿರಲಿಲ್ಲ. ಆಗ ಅವರದು ಮೂವರ ಸಂಸಾರ. ಮಗಳು ಧಣಿಗಳ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಗಂಡ ಅದೇ ಕಾರ್ಖಾನೆಯ ಮಾಲು ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಎಲ್ಲರ ಬಾಯಲ್ಲೂ ವ್ಯಾನಣ್ಣ. ತಾಯಿ ಮನೆಯಲ್ಲೇ ಕೂತು ಗುಂಡಿ ಹೊಲಿದು ಕೊಡುತ್ತಿದ್ದರು. ಧಣಿಗಳೂ ಇದೇ ಚರ್ಚಿನವರು. ಭಾನುವಾರ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವರು, ಈಗಲೂ ಅಲ್ಲೇ ಕೂರುತ್ತಾರೆ. ಜಪಸರ ಹಿಡಿದು ಕಣ್ಣು ಮುಚ್ಚಿದರೆಂದರೆ ಪಕ್ಕದವರಿಗೆ ತಮ್ಮ ಭಕ್ತಿಯ ಬಗ್ಗೆಯೇ ನಾಚಿಕೆಯಾಗಬೇಕು.

ಒಂದು ಮಧ್ಯಾಹ್ನ ಕಾರ್ಖಾನೆಗೆ ಬೆಂಕಿ ಬಿತ್ತು. ಮುಂದಿನ ಸಾಲಿನವರು ಮುಂಬಾಗಿಲಿನಿಂದ ಓಡಿ ಬಂದರು. ಹಿಂದಿನ ಸಾಲಿನ ಒಂಬತ್ತು ಹೆಂಗಸರು ಹಿಂಬಾಗಿಲಿನತ್ತ ಓಡಿದರು. ಅದು ಕಬ್ಬಿಣದ ಬಾಗಿಲು, ತೆರೆಯಲಿಲ್ಲ. ಬೆಂಕಿ ಅವರ ತನಕ ಬರುವ ಮೊದಲೇ ಹೊಗೆ ಬಂತು, ಅಷ್ಟೇ ಸಾಕಾಯಿತು. ಬೆಂಕಿ ನಂದಿಸುವವರು ಬಂದು ಅವಸರದಲ್ಲಿ ಬಾಗಿಲನ್ನು ಗೋಡೆಯ ಸಮೇತ ಕಿತ್ತರು, ಚಿಲಕ ಯಾವ ಬದಿಗಿತ್ತು ಎನ್ನುವ ಗುರುತೇ ಉಳಿಯಲಿಲ್ಲ. ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ಸಿಕ್ಕಿದವಳು ಗಂಜಿಯಕ್ಕನ ಮಗಳು.

ಬಾಗಿಲು ಯಾಕೆ ತೆರೆಯಲಿಲ್ಲ ಎಂದು ವಿಚಾರಣೆ ನಡೆಯಿತು. ಒಳಗಿನವರು ತುಂಡುಬಟ್ಟೆ ಕದ್ದು ಸಾಗಿಸದಿರಲಿ, ಹೊತ್ತಿಗೆ ಮುಂಚೆ ಎದ್ದು ಹೋಗದಿರಲಿ ಎಂದು ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸುತ್ತಿದ್ದರೆಂಬುದು ಅಲ್ಲಿ ದುಡಿದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೆ ಬದುಕಿ ಬಂದವರು ಮಾರನೇ ತಿಂಗಳು ಧಣಿಗಳ ಹೊಸ ಕಾರ್ಖಾನೆಗೇ ಕೆಲಸಕ್ಕೆ ಹೋಗಬೇಕಿತ್ತು. ಅವರ ಬಾಯಿಗೆ ಬೀಗ ಬಿತ್ತು. ಅವರನ್ನು ಬೈದು ಸುಖವಿಲ್ಲ, ಮನೆಯಲ್ಲಿ ಮಕ್ಕಳಿದ್ದವರು. ಧಣಿಗಳು ಮಾತ್ರ ನಿಧಾನವಾಗಿ, ದುಃಖದಿಂದ ಒಂದು ಮಾತು ಹೇಳಿದರು: ಬಾಗಿಲ ಹತ್ತಿರ ಸಿಕ್ಕಿದ ಹುಡುಗಿಯೇ ಒಳಗಿನಿಂದ ಚಿಲಕ ಹಾಕಿಕೊಂಡಿರಬೇಕು, ಅವಳಿಗೆ ಆ ಅಭ್ಯಾಸ ಇತ್ತಂತೆ, ಬೇಕಾದರೆ ಅವಳಪ್ಪನನ್ನೇ ಕೇಳಿ.

ಅಪ್ಪನನ್ನು ಕೇಳಿದರು. ನಿಮ್ಮ ಮಗಳಿಗೆ ಚಿಲಕ ಹಾಕಿಕೊಳ್ಳುವ ಅಭ್ಯಾಸ ಇತ್ತೇ? ವ್ಯಾನಣ್ಣ ಇತ್ತು ಅಂದರು.

ಅದು ಸುಳ್ಳಾಗಿರಲಿಲ್ಲ, ಅದೇ ಇದರಲ್ಲಿನ ಘೋರ. ಚಿಕ್ಕವಳಿದ್ದಾಗ ಬೀದಿನಾಯಿಯೊಂದು ಮನೆಯೊಳಗೆ ನುಗ್ಗಿ ಅವಳ ಕಾಲು ಕಚ್ಚಿತ್ತು. ಅಂದಿನಿಂದ ಮನೆಯೊಳಗೆ ಬಂದ ತಕ್ಷಣ ಅವಳು ಚಿಲಕ ಹಾಕುತ್ತಿದ್ದಳು. ಅಪ್ಪ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹಾಕಿರುತ್ತಿದ್ದಳು. ಅಪ್ಪ ಹೊರಗೆ ನಿಂತು ನಾಯಿಯಂತೆ ಬೊಗಳಿ ಅವಳನ್ನು ರೇಗಿಸುತ್ತಿದ್ದರು. ಆ ಮನೆಯ ನಗೆಚಾಟಿಕೆಯೊಂದು ವಿಚಾರಣೆಯ ಕೋಣೆಯಲ್ಲಿ ಸಾಕ್ಷಿಯಾಯಿತು. ಎಂಟು ಜನರ ಸಾವಿಗೆ ಸತ್ತ ಒಂಬತ್ತನೆಯವಳೇ ಕಾರಣ ಎಂದಾಯಿತು, ಧಣಿಗಳು ಕೈ ತೊಳೆದುಕೊಂಡರು.

ಸತ್ತವರ ಮನೆಗಳಿಗೆಲ್ಲ ಧಣಿಗಳು ದುಡ್ಡು ಕೊಟ್ಟರು. ವ್ಯಾನಣ್ಣನಿಗೆ ಮನೆಯನ್ನೇ ಕಟ್ಟಿಸಿಕೊಟ್ಟರು. ಗಟ್ಟಿ ಛಾವಣಿ, ನೆಲಕ್ಕೆ ಹಾಸುಗಲ್ಲು, ಎರಡು ಕೋಣೆ. ಹೊಸ ಮನೆಗೆ ಸಾಮಾನು ಸಾಗಿಸಿದ ದಿನ ಗಂಜಿಯಕ್ಕ ಪಾತ್ರೆಯ ಗಂಟನ್ನು ಹೊಸಿಲವರೆಗೆ ಹೊತ್ತು ತಂದರು, ಹೊಸಿಲ ಮೇಲೆ ಇಳಿಸಿದರು, ತಿರುಗಿ ನಡೆದರು. ಅಂದಿನ ಫಾದರ್ ಕರುಣೆಯುಳ್ಳ ಮುದುಕರು. ಒಗೆಯುವ ಕೆಲಸವನ್ನೂ ಈ ಕೋಣೆಯನ್ನೂ ಕೊಟ್ಟರು. ಮೊದಲ ದಿನ ಗಂಜಿಯಕ್ಕ ಮಾಡಿದ ಕೆಲಸ ಒಗೆಯುವುದಲ್ಲ. ಬಡಗಿಯೊಬ್ಬನನ್ನು ಕರೆಸಿ ಬಾಗಿಲನ್ನು ಕೀಲಿನಿಂದ ಬಿಡಿಸಿ, "ತಗೊಂಡ್ಹೋಗಪ್ಪಾ, ನಿನ್ನ ಕೂಲಿಗೆ ಇದೇ ಆಯ್ತು," ಅಂದರು.

ಚಳಿಯಾಗುವುದಿಲ್ಲವೇ ಎಂದರೆ, "ಆಗುತ್ತೆ," ಎನ್ನುತ್ತಾರೆ. "ಚಳಿ ಆದ್ರೆ ಹೊದ್ಕೋಬಹುದು."

ಎಂಟು ಜನರನ್ನು ಅಂಗಳದ ನಡುವೆ ಒಂದೇ ಸಾಲಿನಲ್ಲಿ ಹೂಳಿದರು. ಧಣಿಗಳ ಮಾತು ಅಷ್ಟರಲ್ಲೇ ಓಣಿಗೆ ಹಬ್ಬಿತ್ತು, ಒಂಬತ್ತನೆಯವಳನ್ನು ಆ ಸಾಲಿಗೆ ಸೇರಿಸಲು ಆ ಎಂಟು ಮನೆಯವರು ಬಿಡಲಿಲ್ಲ. ಚರ್ಚಿನ ಗೇಟಿನಲ್ಲಿ ಮೇಣದಬತ್ತಿ ಮಾರುವ ಬತ್ತಿಯಮ್ಮನ ತಂಗಿಯೂ ಆ ಎಂಟರಲ್ಲಿ ಒಬ್ಬಳು. ಬತ್ತಿಯಮ್ಮ ಅಂದಿನಿಂದ ಗಂಜಿಯಕ್ಕನ ಮುಖ ನೋಡಿಲ್ಲ. ದಿನಾ ಎದುರಾಗುತ್ತಾರೆ, ದಿನಾ ಸೆರಗು ಎಳೆದುಕೊಂಡು ಮುಖ ತಿರುಗಿಸುತ್ತಾರೆ.

"ಅವರದ್ದೇನೂ ತಪ್ಪಿಲ್ಲ," ಎನ್ನುತ್ತಾರೆ ಗಂಜಿಯಕ್ಕ. "ಕೇಳಿದ್ದನ್ನ ನಂಬಿದ್ರು. ನನ್ನನ್ನ ಯಾರಾದ್ರೂ ಕೇಳಿದ್ರೆ ನಾನೂ ಹೇಳ್ತಿದ್ದೆ. ಮಗಳ ಮೈ ತೊಳೆದವಳು ನಾನು. ಮುಖಕ್ಕೇನೂ ಆಗಿರ್ಲಿಲ್ಲ, ಮಲಗಿದ್ದ ಹಾಗೇ ಇದ್ಳು. ಕೈ ನೋಡಿದೆ. ಬಲಗೈಯಲ್ಲಿ ಒಂದು ಉಗುರೂ ಇರ್ಲಿಲ್ಲ. ತಾನೇ ಚಿಲಕ ಹಾಕ್ಕೊಂಡವಳು ತಾನೇ ತೆಗೀತಾಳೆ ಅಲ್ವಾ? ಕಬ್ಬಿಣನ ಉಗುರಲ್ಲಿ ಕೆರೀತಾಳಾ?" ಹೀಗೆಂದು ಅವರು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಊದುತ್ತಾರೆ. ಬೂದಿ ಹಾರಿ ಕಣ್ಣಿಗೆ ಬೀಳುತ್ತದೆ. ಕಣ್ಣು ಒರೆಸಿಕೊಳ್ಳಲು ಅದೊಂದು ನೆಪವೂ ಆಗುತ್ತದೆ.

ಇಷ್ಟೆಲ್ಲ ಆದರೂ ಅವರು ಗಂಡನನ್ನು ಕೈಬಿಡಲಿಲ್ಲ. ಬೆಳಗಿನ ಒಗೆತ ಮುಗಿಸಿ, ಅಡುಗೆ ಮಾಡಿ, ಡಬ್ಬಿಗೆ ತುಂಬಿಕೊಂಡು ಮೂರು ಓಣಿ ದಾಟಿ ಆ ಮನೆಗೆ ಹೋಗುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಕಿಟಕಿಯ ಸರಳಿನ ನಡುವೆ ಡಬ್ಬಿ ಕೊಟ್ಟು, ಹಿಂದಿನ ದಿನದ ಡಬ್ಬಿಯನ್ನೂ ಕೊಳೆಬಟ್ಟೆಯನ್ನೂ ಈಸಿಕೊಂಡು ಬರುತ್ತಿದ್ದರು. ವ್ಯಾನಣ್ಣನಿಗೆ ಈಗ ಶ್ವಾಸಕೋಶ ಹಾಳಾಗಿದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಆ ಹನ್ನೊಂದು ವರ್ಷದಲ್ಲಿ ಅವರು ಚರ್ಚಿಗೆ ಹೋಗಿರಲಿಲ್ಲ, ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗಂತೂ ಹೋಗಿರಲೇ ಇಲ್ಲ. ಕಿಟಕಿಯ ಆಚೆ ಈಚೆ ನಿಂತು ಇಬ್ಬರೂ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹೊಸದಾಗಿ ಮದುವೆಯಾದವರಂತೆ ಜಗಳವಾಡುವುದನ್ನು ಓಣಿಯ ಜನ ಕೇಳಿ ಮುಸಿಮುಸಿ ನಗುತ್ತಿದ್ದರು.

ಈ ವರ್ಷ ಚರ್ಚಿನ ಛಾವಣಿ ಸೋರತೊಡಗಿತು. ಪೀಠದ ಮೆಟ್ಟಿಲ ಮೇಲೆ ಬಕೆಟ್ಟು ಇಟ್ಟು ಪೂಜೆ ಮಾಡುವ ಸ್ಥಿತಿ ಬಂತು. ಧಣಿಗಳು ಮುಂದೆ ಬಂದು ಇಡೀ ಛಾವಣಿಯನ್ನು ಹೊಸದಾಗಿ ಮಾಡಿಸಿಕೊಟ್ಟರು, ಬಾಗಿಲ ಪಕ್ಕದ ಗೋಡೆಯಲ್ಲಿ ಹೆಸರಿನ ಕಲ್ಲನ್ನೂ ಹಾಕಿಸಿಕೊಂಡರು. ಜೊತೆಗೆ, ಛಾವಣಿಯನ್ನು ಆಶೀರ್ವದಿಸುವ ಭಾನುವಾರ ಪೀಠಕ್ಕೆ ಹಾಸಲೆಂದು ತಮ್ಮ ಕಾರ್ಖಾನೆಯಲ್ಲೇ ಕಸೂತಿ ಹಾಕಿಸಿದ ಹೊಸ ಹಾಸನ್ನು ಕಳಿಸಿದರು. ಅಂಚಿಗೆ ಗೋಧಿಯ ತೆನೆ, ದ್ರಾಕ್ಷಿಯ ಗೊಂಚಲು. ಬಟ್ಟೆ ನಿಜಕ್ಕೂ ಚೆಂದವಿತ್ತು. ಹೊಸ ಬಟ್ಟೆಗೆ ಕಾರ್ಖಾನೆಯ ಅಂಟು ಇರುತ್ತದಾದ್ದರಿಂದ ಒಮ್ಮೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡದೆ ಪೀಠದ ಮೇಲೆ ಹಾಸುವ ರೂಢಿಯಿಲ್ಲ. ಹಾಗಾಗಿ ಅದು ಗಂಜಿಯಕ್ಕನ ಕೋಣೆಗೆ ಬಂತು.

ಅವರು ಅದನ್ನು ಬಿಚ್ಚಿ ನೋಡಿದರು, ಮಡಿಸಿದರು, ಮೊಳೆಗೆ ನೇತುಹಾಕಿದರು. ವಾರದ ನಡುವೆ ಈಗಿನ ಫಾದರ್ ವಿಚಾರಿಸಲು ಬಂದಾಗ, ನೆಲದ ಮೇಲೆ ಕೂತಲ್ಲಿಂದಲೇ, "ಇದನ್ನ ನಾನು ಒಗೆಯಲ್ಲ ಫಾದರ್," ಅಂದರು.

ಈಗಿನ ಫಾದರ್ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಯಾರ ಮುಖ ಮುರಿಯಲೂ ಆಗದವರು. "ಬಟ್ಟೆ ಏನಮ್ಮ ಪಾಪ ಮಾಡಿದೆ?" ಎಂದರು.

"ಬಟ್ಟೆ ಏನೂ ಮಾಡಿಲ್ಲ. ಅದಕ್ಕೇ ಅದರ ಕೈಲಿ ಸುಳ್ಳು ಹೇಳಿಸಬಾರ್ದು."

"ಭಾನುವಾರ ಅವರು ಬಟ್ಟಲಿಗೆ ಬಾಯಿಟ್ಟು ಕುಡೀತಾರೆ. ಆ ಬಟ್ಟಲು ಒರೆಸಿದ ಬಟ್ಟೆ ಒಗೀತೀರಲ್ಲ? ಇಷ್ಟು ವರ್ಷ ಒಗ್ದಿದೀರಲ್ಲ?"

"ಅದು ದೇವರು ಕೊಟ್ಟಿದ್ದು ಫಾದರ್, ಎಲ್ಲರಿಗೂ ಕೊಟ್ಟಿದ್ದು. ಯಾರ ತುಟಿ ಅಂತ ನೋಡೋಕೆ ನಾನ್ಯಾರು? ಆ ನೀರನ್ನ ನನ್ನ ಮಗಳ ಮೇಲೇ ಸುರಿದಿದೀನಿ. ಇದು ಅವರು ದೇವರಿಗೆ ಕೊಡ್ತಿರೋದು. ಕೊಡೋಕೆ ಮುಂಚೆ ಅವರು ಮಾಡ್ಬೇಕಾದ ಕೆಲಸ ಒಂದು ಬಾಕಿ ಇದೆ. ನೀವೇ ಪ್ರಸಂಗದಲ್ಲಿ ಹೇಳ್ತೀರಿ, ಅನ್ಯಾಯ ಮಾಡಿದವರು ಮೊದಲು ಹೋಗಿ ಸರಿಮಾಡ್ಕೊಂಡು ಬರ್ಬೇಕು ಅಂತ. ನಾನು ಹಿಂದಿನ ಬೆಂಚಲ್ಲಿ ಕೂತು ಕೇಳಿದೀನಿ."

ಫಾದರ್ ಅವರ ಬಳಿ ಸೋರುತ್ತಿದ್ದ ಛಾವಣಿಯಷ್ಟೇ ಇತ್ತು, ಅದನ್ನೇ ಹೇಳಿಕೊಂಡರು. "ಮಳೆ ಜನರ ತಲೆ ಮೇಲೆ ಬೀಳ್ತಿತ್ತಮ್ಮ. ಕೊಡ್ತೀನಿ ಅಂದವರನ್ನ ಬೇಡ ಅನ್ನೋಕಾಗುತ್ತಾ?" ಇದೂ ಸುಳ್ಳಲ್ಲ. ಬಡವರ ತಲೆಯ ಮೇಲಿನ ಸೂರಿಗೆ ಯಾರ ದುಡ್ಡು ಎಂದು ವಿಚಾರಿಸುವುದು, ತಲೆ ನೆನೆಯದವರಿಗೆ ಸುಲಭದ ಕೆಲಸ.

ಸುದ್ದಿ ಧಣಿಗಳ ಕಿವಿಗೆ ಬಿತ್ತು. ಶನಿವಾರ ಮಧ್ಯಾಹ್ನ ಅವರೇ ಬಂದರು. ಕಾರು ಓಣಿಯ ತುದಿಯಲ್ಲೇ ನಿಂತಿತು, ಕೋಲೂರಿಕೊಂಡು ನಡೆದು ಬಂದರು. ಅವರಿಗೂ ವಯಸ್ಸಾಗಿದೆ. ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತು, ಬಡಿಯಲು ಕೈ ಎತ್ತಿದವರು ಬಡಿಯಲು ಏನೂ ಇಲ್ಲದೆ ಕೈ ಇಳಿಸಿದರು.

"ಬಾಗಿಲಿಲ್ವಲ್ಲಮ್ಮ. ನಾಳೆನೇ ಹೇಳಿ ಹಾಕಿಸ್ತೀನಿ," ಅಂದರು.

"ಬೇಡ ಧಣಿ."

"ಮತ್ತೇನು ಬೇಕು? ಮಗಳಿಗೆ ಒಳ್ಳೆ ಕಲ್ಲು ಹಾಕಿಸ್ಲಾ? ಬಿಳೀದು? ಬಾಯಿಬಿಟ್ಟು ಕೇಳಿ."

ಗಂಜಿಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟರು. "ಚಿಲಕ ಹೊರಗಿತ್ತು ಅಂತ ಹೇಳಿ. ನಾಳೆ ಎಲ್ಲರ ಮುಂದೆ. ಅಷ್ಟು ಹೇಳಿದ್ರೆ ಇವತ್ತು ರಾತ್ರಿಯೆಲ್ಲ ಕೂತು ನಿಮ್ಮ ಬಟ್ಟೆ ಒಗ್ದು, ಒಣಗಿಸಿ, ನಾನೇ ನನ್ನ ಕೈಯಾರೆ ಪೀಠಕ್ಕೆ ಹಾಸ್ತೀನಿ."

ಧಣಿಗಳು ಕೋಲನ್ನು ಕೈಯಿಂದ ಕೈಗೆ ಬದಲಿಸಿದರಂತೆ. ತುಟಿ ಅಲುಗಿತಂತೆ. "ಹೇಳ್ತಾರೆ ಅಂದ್ಕೊಂಡೆ ನಾನು," ಎನ್ನುತ್ತಾರೆ ಗಂಜಿಯಕ್ಕ. "ಸತ್ಯವಾಗ್ಲೂ ಅಂದ್ಕೊಂಡೆ. ಗಂಟಲವರೆಗೂ ಬಂದಿತ್ತು. ಆಮೇಲೆ ನುಂಗಿಬಿಟ್ರು. ಅಯ್ಯೋ ಅನ್ನಿಸ್ತು." ಧಣಿಗಳು ಹೋಗುವಾಗ, ಕೋಣೆ ಚರ್ಚಿನದು ಎಂಬುದನ್ನು ಮರೆಯಬಾರದೆಂದು ಮೆಲ್ಲಗೆ ನೆನಪಿಸಿ ಹೋದರು.

ಆ ಸಂಜೆ ಕಿಟಕಿಯ ಬಳಿ ಗಂಜಿಯಕ್ಕ ಗಂಡನಿಗೆ ಎಲ್ಲ ಹೇಳಿದರು. ಕೋಣೆ ಹೋಗಬಹುದು ಅಂದರು.

"ಇಲ್ಲಿಗೆ ಬಾ," ಅಂದರು ವ್ಯಾನಣ್ಣ.

"ಯಾವ ಸೂರಿನ ಕೆಳಗೆ ಕರೀತಿದೀರಿ ಅಂತ ಗೊತ್ತಿದ್ದೂ ಕರೀತೀರಲ್ಲ," ಅಂದರು ಹೆಂಡತಿ. ವ್ಯಾನಣ್ಣ ಸರಳು ಹಿಡಿದು ನಿಂತುಬಿಟ್ಟರು. ಅಂದು ಉಪ್ಪಿನ ಮಾತು ಬರಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಪೀಠದ ಮೇಲೆ ಹಳೆಯ ಹಾಸೇ ಇತ್ತು, ಮೂಲೆಯಲ್ಲಿ ಹೊಲಿದ ತೇಪೆ ಕಾಣುವ ಹಾಗೆ. ಒಗೆಯದ ಬಟ್ಟೆಯನ್ನು ಪೀಠಕ್ಕೆ ಹಾಸುವಂತಿಲ್ಲ ಎಂದು ಫಾದರ್ ಸಮಿತಿಯವರಿಗೆ ಸಮಜಾಯಿಷಿ ಕೊಟ್ಟಿದ್ದರು. ಬೇರೆ ಯಾರಿಂದಲಾದರೂ ಒಗೆಸಬಹುದಿತ್ತು. ಒಗೆಸಲಿಲ್ಲ. ನಿಯಮದ ಹಿಂದೆ ಅಡಗಿ ನಿಂತಾದರೂ ಅವರು ಅಷ್ಟು ಧೈರ್ಯ ಮಾಡಿದರು ಎನ್ನೋಣ. ಪೂಜೆ ಮುಗಿದ ಮೇಲೆ ಧಣಿಗಳನ್ನು ಎರಡು ಮಾತಾಡಲು ಕರೆದರು. ಎಲ್ಲ ದೇವರದ್ದು, ನನ್ನದೇನೂ ಇಲ್ಲ ಎಂದು ಧಣಿಗಳು ಕೈ ಮುಗಿದರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವಾಗ ಹಿಂದಿನ ಬಾಗಿಲ ಹತ್ತಿರ ಯಾರೋ ಕೆಮ್ಮುವುದು ಕೇಳಿಸಿತು. ವ್ಯಾನಣ್ಣ ಗೋಡೆ ಹಿಡಿದು ನಿಂತಿದ್ದರು. ಮೂರು ಓಣಿ ಹೇಗೆ ದಾಟಿ ಬಂದರೋ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು.

"ಫಾದರ್, ನಂದೂ ಒಂದು ಮಾತಿದೆ," ಅಂದರು. ಕೂರಿಸಲು ಇಬ್ಬರು ಎದ್ದರು. ಅವರು ಕೂರಲಿಲ್ಲ.

"ನನ್ನ ಮಗಳಿಗೆ ಚಿಲಕ ಹಾಕೋ ಅಭ್ಯಾಸ ಇತ್ತು ಅಂದೆ. ಮನೇಲಿ ಇತ್ತು. ಕಾರ್ಖಾನೆ ಹಿಂಬಾಗಿಲಿಗೆ ಒಳಗಡೆ ಚಿಲಕಾನೇ ಇರ್ಲಿಲ್ಲ. ಇದ್ದಿದ್ದು ಹೊರಗಡೆ. ಆ ಬಾಗಿಲಲ್ಲೇ ನಾನು ದಿನಾ ವ್ಯಾನಿಗೆ ಮಾಲು ತುಂಬ್ತಿದ್ದೆ. ತುಂಬಿ ಆದ ಮೇಲೆ ಚಿಲಕ ಹಾಕಿ ಹೋಗು ಅಂತ ಧಣಿಗಳ ಅಪ್ಪಣೆ." ಇಲ್ಲಿ ಅವರಿಗೆ ಉಸಿರು ಸಾಲಲಿಲ್ಲ. ಇಡೀ ಚರ್ಚು ಆ ಉಸಿರಿಗಾಗಿ ಕಾಯಿತು. "ಆ ದಿನಾನೂ ಹಾಕ್ದೆ. ಈ ಕೈಯಲ್ಲೇ ಹಾಕ್ದೆ. ಹಾಕಿ, ವ್ಯಾನು ಹತ್ತಿ ಹೋದೆ. ಒಳಗೆ ನನ್ನ ಮಗಳಿದ್ಳು. ನಿಮ್ಮ ಮಕ್ಕಳೂ ಇದ್ರು."

ಧಣಿಗಳು ಪಕ್ಕದ ಬಾಗಿಲಿನಿಂದ ಹೊರಟುಹೋದರು, ಆ ಬಾಗಿಲು ತೆರೆದೇ ಇತ್ತು. ವ್ಯಾನಣ್ಣ ಕುಸಿದು ಕೂತರು. ಹಿಂದಿನ ಬೆಂಚಿನಿಂದ ಗಂಜಿಯಕ್ಕ ಎದ್ದರು. ಎಲ್ಲರ ಕಣ್ಣೂ ಅವರ ಮೇಲಿತ್ತು. ಅವರು ಗಂಡನ ಮುಂದೆ ಮಂಡಿಯೂರಿ, ಅಂಗಿಯ ಗುಂಡಿಗಳನ್ನು ಬಿಚ್ಚಿ, ಒಂದೊಂದಾಗಿ ಸರಿಯಾಗಿ ಹಾಕಿದರು.

ಇಲ್ಲಿಂದ ಮುಂದೆ ನ್ಯಾಯದ ಗಂಟೆ ಮೊಳಗಿತು ಎಂದು ಬರೆಯಲು ಯಾರಿಗಾದರೂ ಆಸೆಯಾಗುತ್ತದೆ. ಅಂಥದ್ದೇನೂ ಆಗಿಲ್ಲ. ವ್ಯಾನಣ್ಣ ಪೊಲೀಸ್ ಠಾಣೆಗೂ ಹೋಗಿ ಅದನ್ನೇ ಹೇಳಿದರು. ಮುಗಿದ ಕೇಸು, ಕಾಯಿಲೆಯ ಮನುಷ್ಯ, ಮನೆಗೆ ಹೋಗಿ ಮಲಗಿ ಎಂದು ಕಳಿಸಿದರು. ಧಣಿಗಳು ಎರಡು ವಾರ ಚರ್ಚಿಗೆ ಬರಲಿಲ್ಲ, ಮೂರನೆಯ ವಾರ ಮೊದಲ ಬೆಂಚಿನಲ್ಲಿ ಕೂತಿದ್ದರು. ಹೆಸರಿನ ಕಲ್ಲು ಗೋಡೆಯಲ್ಲಿ ಹಾಗೇ ಇದೆ. ಒಗೆಯುವ ಕೋಣೆಯನ್ನು ಕುರ್ಚಿ ಇಡುವ ಉಗ್ರಾಣ ಮಾಡಬೇಕೆಂದು ಸಮಿತಿಗೆ ಇದ್ದಕ್ಕಿದ್ದ ಹಾಗೆ ಹೊಳೆದಿದೆ. ಈ ತಿಂಗಳ ಕೊನೆಗೆ ಗಂಜಿಯಕ್ಕ ಖಾಲಿ ಮಾಡಬೇಕು. ಬಟ್ಟೆಗಳು ಇನ್ನು ಮುಂದೆ ಯಂತ್ರದ ಲಾಂಡ್ರಿಗೆ ಹೋಗುತ್ತವಂತೆ. ಅಲ್ಲಿ ಮೊದಲ ನೀರು ಎಲ್ಲಿಗೆ ಹೋಗುತ್ತದೆಂದು ಸಮಿತಿಯಲ್ಲಿ ಯಾರೂ ಕೇಳಿದಂತಿಲ್ಲ.

ವ್ಯಾನಣ್ಣ ಮನೆಯ ಬೀಗದ ಕೈಯನ್ನು ಫಾದರ್ ಕೈಗೆ ಕೊಟ್ಟಿದ್ದಾರೆ. ಮಾರಿ ಆ ಎಂಟು ಮನೆಗಳಿಗೆ ಹಂಚಿ ಅಂದ ಅವರು, ಈಗ ಬಾಗಿಲಿಲ್ಲದ ಕೋಣೆಯ ಒಳಮೂಲೆಯಲ್ಲಿ, ಗಾಳಿ ತಾಗದ ಕಡೆ, ಎರಡು ಕಂಬಳಿ ಹೊದ್ದು ಮಲಗಿದ್ದಾರೆ. ಹೆಂಡತಿ ಅವರ ಬಳಿ ಹೆಚ್ಚು ಮಾತಾಡುವುದಿಲ್ಲ. ಕೆಮ್ಮು ಬಂದಾಗ ಬೆನ್ನು ನೀವುತ್ತಾರೆ.

ಚಿಲಕ ಹಾಕಿದ್ದು ಗಂಡನೇ ಎಂದು ಆ ಭಾನುವಾರದವರೆಗೆ ಗೊತ್ತಿರಲಿಲ್ಲವೇ? ಗಂಜಿಯಕ್ಕ ಹಾಸಿನ ಅಂಚನ್ನು ಇಸ್ತ್ರಿಯಿಂದ ಒತ್ತಿ, ತುದಿಯವರೆಗೂ ಹೋಗಿ ಬರುತ್ತಾರೆ.

"ಗೊತ್ತಿತ್ತು," ಎನ್ನುತ್ತಾರೆ ಆಮೇಲೆ, ತಗ್ಗಿದ ದನಿಯಲ್ಲಿ. "ಆ ಚಿಲಕ ಬಿಗಿ ಅಂತ ಗ್ರೀಸ್ ಬಳೀತಿದ್ರು. ಅವರ ಅಂಗಿಯ ಬಲತೋಳಲ್ಲಿ ದಿನಾ ಒಂದೇ ಕಡೆ ಕಲೆ. ನಾನೇ ಉಜ್ಜಿ ತೆಗೀತಿದ್ದೆ. ಆ ದಿನದ ಅಂಗೀಲೂ ಇತ್ತು. ಅದೊಂದನ್ನ ನಾನು ಯಾರಿಗೂ ಹೇಳ್ಲಿಲ್ಲ. ತಪ್ಪು ಅಂದ್ರೆ ತಪ್ಪೇ. ನಾನು ಹೇಳಿದ್ರೆ ಅದು ಚಾಡಿ ಆಗ್ತಿತ್ತು. ಅವರೇ ಹೇಳಿದ್ರೆ ಪಾಪನಿವೇದನೆ. ಅವರಾಗೇ ಬಾಯ್ಬಿಡ್ಲಿ ಅಂತ ದಿನಾ ಹೋಗಿ ಕಿಟಕೀಲಿ ನಿಲ್ತಿದ್ದೆ. ಊಟ ಕೊಡೋಕೆ ಅಂತ ಜನ ಅಂದ್ಕೊಂಡಿದ್ರು." ಕಂಬಳಿಯ ಒಳಗಿನಿಂದ ವ್ಯಾನಣ್ಣ ಇದನ್ನು ಕೇಳಿಸಿಕೊಂಡರೋ ಇಲ್ಲವೋ, ಗೋಡೆಯ ಕಡೆಗೆ ಹೊರಳಿದರು.

ಮಾರನೇ ಬೆಳಿಗ್ಗೆ ಮತ್ತೆ ಬೋಗುಣಿ ಹಿಡಿದು ಸಮಾಧಿಗಳ ಅಂಗಳಕ್ಕೆ ಹೋದಾಗ ಹಿಂಗೋಡೆಯ ಮೂಲೆಯಲ್ಲಿ ಯಾರೋ ಕೂತಿದ್ದರು. ಬತ್ತಿಯಮ್ಮ. ಮರದ ಶಿಲುಬೆಯ ಬುಡದಲ್ಲಿ ಒಂದು ಮೇಣದಬತ್ತಿ ಹಚ್ಚಿ, ಗಾಳಿಗೆ ಆರದಂತೆ ಎರಡು ಅಂಗೈಗಳನ್ನು ಅಡ್ಡ ಹಿಡಿದಿದ್ದರು. ಗಂಜಿಯಕ್ಕ ಬೋಗುಣಿಯನ್ನು ಮುಂದೆ ಚಾಚಿದರು. ಬತ್ತಿಯಮ್ಮ ಅದರ ಅಂಚು ಹಿಡಿದುಕೊಂಡರು. ಬತ್ತಿಗೆ ತಾಗದ ಹಾಗೆ ಇಬ್ಬರೂ ಸೇರಿ ನೀರನ್ನು ಮಣ್ಣಿಗೆ ಸುರಿದರು. ಆಮೇಲೆ ಬತ್ತಿಯಮ್ಮ, "ಬರೋ ತಿಂಗಳಿಂದ ಯಾರು ಸುರೀತಾರೆ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಗೇಟಿನ ಕಡೆಗೆ ನಡೆದರು.

ತಿಂಗಳು ಮುಗಿದ ಮೇಲೆ ಎಲ್ಲಿಗೆ ಹೋಗುವುದೆಂದು ಗಂಜಿಯಕ್ಕನಿಗೆ ಇನ್ನೂ ತೀರ್ಮಾನವಾಗಿಲ್ಲ. ಪತ್ರಿಕೆಯಲ್ಲಿ ಬಂದರೆ ಯಾರಾದರೂ ಸಹಾಯ ಮಾಡಬಹುದು, ಏನಾದರೂ ಬೇಕೆಂದು ಬರೆಯಬೇಕೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಹರವುತ್ತಾರೆ. ಸುಕ್ಕು ಬಿಡಿಸಲು ಅಂಚನ್ನು ಎಳೆಯುತ್ತಾರೆ. ನಾಲ್ಕು ಹೆಜ್ಜೆ ಒಳಗೆ ಹೋದವರು ಏನೋ ನೆನಪಾದಂತೆ ಖಾಲಿ ಚೌಕಟ್ಟಿಗೆ ಕೈಯಾನಿಸಿ ತಿರುಗಿ ನಿಲ್ಲುತ್ತಾರೆ.

"ಒಂದು ಬರೀರಿ," ಎನ್ನುತ್ತಾರೆ. "ನನ್ನ ಮಗಳು ಎಲ್ಲರಿಗಿಂತ ಮುಂದೆ ಬಾಗಿಲ ಹತ್ರ ಸಿಕ್ಕಿದ್ಳು. ಅವಳು ಅಲ್ಲಿಗೆ ಹೋಗಿದ್ದು ಬಾಗಿಲು ಹಾಕೋಕಲ್ಲ, ತೆಗೆಯೋಕೆ. ಅಷ್ಟು ಬರೀರಿ, ಸಾಕು."